ಎಸ್ಟೋನಿಯಾದ ಚಿತ್ರ ನೋಡಾಕೆ

೧೯೮೭ರ ಒಂದು ಸಂಜೆ. ಮಗಳ ಮನೆಗೆ ಬಂದಿದ್ದ ಚನ್ನಗಿರಿಯ ಪಾಲಣ್ಣ ಜಗಳೂರು ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತಿದ್ದ ಅತ್ತೆ ಸೊಸೆಯರ ಮಾತು ಕಿವಿಗೆ ಬಿತ್ತು. ಸೊಸೆಯ ಕೈಯಲ್ಲಿ ಪೇಪರ್ ಇತ್ತು.

"ಅತ್ತೆ, ಬರೋ ಭಾನುವಾರದಿಂದ ದಾವಣಗೆರ್ಯಾಗೆ ಚಿತ್ರ ಪ್ರದರ್ಶನ ಐತಂತೆ. ಎಸ್ಟೋನಿಯಾದವ್ರು ಬರೆದಿದ್ದು."

"ಅದ್ಯಾವ ಊರೇ, ಹೊನ್ನೂರಿ?"

"ರಷ್ಯಾದ ಕಡೆ ಒಂದು ಸಣ್ಣ ನಾಡಂತೆ. ನೋಡ್ರಿ, ಇದು ಅವರ ಚಿತ್ರ."

ಅತ್ತೆ ಪೇಪರನ್ನು ತಿರುಗಿಸಿ ತಿರುಗಿಸಿ ನೋಡಿದರು. "ದೇವ್ರೂ ಇಲ್ಲ, ಮನುಷ್ಯರೂ ಇಲ್ಲ. ಬರೀ ಗೆರೆ. ನೀನು ಪಡಸಾಲೆ ಗೋಡೆಗೆ ಬರೀತೀಯಲ್ಲ, ಹಂಗೇ ಐತೆ!"

"ಅದಕ್ಕೇ ಅತ್ತೆ, ಒಂದ್ಸಲ ಕಣ್ಣಾರೆ ನೋಡಬೇಕು. ಆದ್ರೆ ಇವರು ಬ್ಯಾಡ ಅಂದ್ರೆ?"

ಪಾಲಣ್ಣ ಕೊಂಚ ಅವರ ಕಡೆ ವಾಲಿದ.

"ಅಲ್ಲಿ ಏನಾದ್ರೂ ಕೊಳ್ಳಬೇಕಾ?" ಅತ್ತೆ ಕೇಳಿದರು.

"ಇಲ್ರೀ."

"ಮತ್ತೇನು ಕೆಲಸ?"

"ಏನೂ ಇಲ್ಲ. ಸುಮ್ನೆ ನೋಡ್ತಾ ನಿಂತ್ಕಳ್ಳೋದು."

"ಅಯ್ಯೋ, ಸುಮ್ನೆ ನಿಂತ್ಕಳ್ಳಾಕೆ ಅಂತ ನಾನು ಎಲ್ಲಿಗೂ ಹೋಗಿದ್ದೇ ಇಲ್ವಲ್ಲೇ!" ಅತ್ತೆ ಬಾಯ್ತುಂಬ ನಕ್ಕರು. "ನಾನೂ ಬರ್ತೀನಿ. ನನ್ನ ಮಗ ಹೆಂಗೆ ಬ್ಯಾಡ ಅಂತಾನೋ ನೋಡಾನ."

ಹೊನ್ನೂರಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಅವರ ಊರಿನ ಬಸ್ ಬಂದು, ಇಬ್ಬರೂ ಹತ್ತಿದರು. ಕಿಟಕಿಯ ಬಳಿ ಕೂತ ಅತ್ತೆ ಪಾಲಣ್ಣನ ಕಡೆ ತಿರುಗಿ ಕೂಗಿದರು: "ಆವಾಗಿಂದ ಕಿವಿ ಇಲ್ಲೇ ಇಟ್ಟೀರಲ್ಲ ಅಣ್ಣಾ, ನೀವೂ ಬರ್ರಿ! ಮನೆಯವ್ರನ್ನೂ ಕರ್ಕಂಡು ಬರ್ರಿ!"

ಸಿಕ್ಕಿಬಿದ್ದ ಪಾಲಣ್ಣ ನಾಚಿ ನಕ್ಕ. "ಬರ್ತೀವಿ ಕಣಕ್ಕಾ!" ಎಂದು ಅವನು ಕೂಗಿದಾಗ ಬಸ್ಸು ಆಗಲೇ ತಿರುವು ದಾಟುತ್ತಿತ್ತು.