ಮುಖ್ಯ ಅತಿಥಿಯ ಕೆನ್ನೆಯ ಕೋಶಗಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಾಂಶುಪಾಲರೇ, ಉಪನ್ಯಾಸಕ ಬಂಧುಗಳೇ, ಮುಂದಿನ ಸಾಲಿನಲ್ಲಿ ಕೂತು ನನ್ನನ್ನೇ ದಿಟ್ಟಿಸುತ್ತಿರುವ ನನ್ನ ಧರ್ಮಪತ್ನಿ ಮರಿತಾಯಮ್ಮನವರೇ, ಸಭಿಕರೇ,

ಗುಂಡ್ಲುಪೇಟೆ ಮಂಡಿಯ ಈರುಳ್ಳಿ ವ್ಯಾಪಾರಿ ಈ ಮಹಾಲಿಂಗನನ್ನು ಕಾಲೇಜಿನ ವಾರ್ಷಿಕೋತ್ಸವಕ್ಕೆ ಕರೆದಿರಿ. ನಾನು ಕೊಡಿಸಿದ ಮೈಕ್ರೋಸ್ಕೋಪನ್ನು ನಾನೇ ಉದ್ಘಾಟಿಸಬೇಕೆಂದಿರಿ. ರಿಬ್ಬನ್ ಕತ್ತರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಜೀವಶಾಸ್ತ್ರದ ಕಾವ್ಯಶ್ರೀ ಮೇಡಂ ನನ್ನ ಬಾಯಿಯನ್ನೂ ಉದ್ಘಾಟಿಸುತ್ತಾರೆಂದು ಯಾರಿಗೆ ಗೊತ್ತಿತ್ತು?

ಈಗತಾನೆ ತಾವೆಲ್ಲ ನೋಡಿದಿರಿ. ವಿದ್ಯಾರ್ಥಿನಿ ಮಾನಸಳ ಕೆನ್ನೆಯ ಒಳಮೈಯನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಒಂದು ತೊಟ್ಟು ನೀಲಿ ಬಣ್ಣ ಬಿಟ್ಟರು. ಪರದೆಯ ಮೇಲೆ ಜೀವಕೋಶಗಳು ಬಂದವು. ಅಗಲವಾಗಿ, ತೆಳ್ಳಗೆ, ನಡುವೆ ಸಣ್ಣ ನೀಲಿ ಚುಕ್ಕೆ, ಅದೇ ಕೋಶಕೇಂದ್ರವಂತೆ. ಚಪ್ಪಾಳೆಯೂ ಬಂತು. ಆಮೇಲೆ ನನ್ನ ಕೆನ್ನೆಯ ಸರದಿ. ಚಪ್ಪಾಳೆಗೆ ಮುಂಚೆಯೇ ಮೇಡಂ ಪರದೆ ಆರಿಸಿಬಿಟ್ಟರು. ಕರೆಂಟು ಹೋಯಿತೇ? ಫ್ಯಾನು ತಿರುಗುತ್ತಲೇ ಇತ್ತು.

ಆದರೆ ನಾನು ನೋಡಿಬಿಟ್ಟೆ. ನನ್ನ ಕೋಶಗಳಲ್ಲಿ ಚುಕ್ಕೆ ಉಬ್ಬಿಕೊಂಡಿತ್ತು, ಒಂದರಂತೆ ಒಂದಿರಲಿಲ್ಲ. ನಾನು ಮೈಕಿನ ಬಳಿ ಬರುವಾಗ ಮೇಡಂ ಮೆಲ್ಲಗೆ ಹೇಳಿದರು: "ಸರ್, ಇಷ್ಟು ನೋಡಿ ಏನೂ ಹೇಳಕ್ಕಾಗಲ್ಲ. ಆದ್ರೆ ಕೆನ್ನೆ ಒಳಗೆ ಬಿಳಿ ಮಚ್ಚೆ ಇದೆ, ಕೆರೆದ್ರೂ ಹೋಗ್ಲಿಲ್ಲ. ನಾಳೆನೇ ಡಾಕ್ಟರಿಗೆ ತೋರ್ಸಿ."

ಸಭಿಕರೇ, ಮಚ್ಚೆ ಯಾರಿಗಿಲ್ಲ? ಬಣ್ಣ ಜಾಸ್ತಿ ಬಿದ್ದಿರಬಹುದು. ಎಲೆ ಅಡಿಕೆ ಜೊತೆ ಚೂರು ಹೊಗೆಸೊಪ್ಪು ಹಾಕುವುದು ಸುಳ್ಳಲ್ಲ. ಚೂರು ಎಂದರೆ, ಮಂಡಿ ತೆರೆದಾಗಿನಿಂದ ಮುಚ್ಚುವವರೆಗೆ. ಬಿಸಿ ಸಾರು ಉಂಡರೆ ಆ ಕಡೆ ಉರಿಯುವುದೂ ಸುಳ್ಳಲ್ಲ. ಮನೆಯಲ್ಲಿ ಹಲ್ಲುನೋವು ಎಂದಿದ್ದೆ... ಅದು ಬೇರೆ ಮಾತು.

ನಾನು ಕೇಳುವುದಿಷ್ಟೆ. ಇಷ್ಟು ದೊಡ್ಡ ದೇಹವನ್ನು ಕಡ್ಡಿ ತುದಿಗೆ ಅಂಟಿದ್ದರಿಂದ ಅಳೆಯಬಹುದೇ?

ಹಿಂದೆ ನಿಂತಿರುವ ರೈತರು ನಗುತ್ತಿದ್ದೀರಿ. ಮೂಗಯ್ಯನವರೇ, ಗೊತ್ತಾಯಿತು. ಮಂಡಿಯಲ್ಲಿ ನಿಮ್ಮ ಮೂಟೆಯಿಂದ ಒಂದು ಈರುಳ್ಳಿ ಗಡ್ಡೆ ಎತ್ತಿ, ಕುಯ್ದು, ಕೊಳೆತ ಪದರ ತೋರಿಸಿದವನು ನಾನೇ. "ಒಂದ್ನ ನೋಡಿ ಎಲ್ಲಾನೂ ಕೆಟ್ದು ಅನ್ಬ್ಯಾಡ ಕಣಣ್ಣ" ಎಂದಿರಿ. ನಾನೇನೆಂದೆ? "ಕೆಟ್ದು ಅಂತಿಲ್ಲ ಕಣ್ಲಾ, ಸುರಿದು ನೋಡನ ಅಂತಿವ್ನಿ. ಈಗ್ಲೇ ಬ್ಯಾರೆ ಮಾಡುದ್ರೆ ಮಿಕ್ಕಿದ್ದು ಉಳೀತದೆ."

ಆ ಮಾತು ಆಡಿದ ಬಾಯಿಯೇ ಇದು.

ಭಾಷಣದ ಪುಟಗಳು ಇನ್ನೂ ಇವೆ. ಆದರೆ ಮರಿತಾಯಮ್ಮನವರು ಎದ್ದಿದ್ದಾರೆ. ಬೈಯುತ್ತಿಲ್ಲ, ಬೈದಿದ್ದರೆ ಧೈರ್ಯವಾಗಿ ಇನ್ನಷ್ಟು ಮಾತಾಡುತ್ತಿದ್ದೆ. ಅವರ ಕೈಯಲ್ಲಿ ನನ್ನ ಚಪ್ಪಲಿ ಇದೆ. ಹೆದರಬೇಡಿ, ಹೊಡೆಯುವುದಕ್ಕಲ್ಲ. ದೀಪ ಹಚ್ಚುವಾಗ ಬಿಟ್ಟಿದ್ದನ್ನು ತಂದು, ಮೆಟ್ಟಿಲ ಕೆಳಗೆ, ಬಾಗಿಲ ಕಡೆ ಮುಖ ಮಾಡಿ ಜೋಡಿಸಿಡುತ್ತಿದ್ದಾರೆ. ಮೇಡಂ ನಾಳೆ ಎಂದರು. ಇವರಿಗೆ ಇವತ್ತೇ.

ಕರೆದವರಿಗೂ ಕೆರೆದವರಿಗೂ ವಂದನೆಗಳು. ನಾನು ಹೊರಟೆ. ನಮಸ್ಕಾರ.