ಉಂಡಿ ಕೈಯ ಸಹಿ

...ನಗಬ್ಯಾಡ ಅನ್ನಪೂರ್ಣಾ, ನಾಳೆ ಪೇಪರಿನ್ಯಾಗ ಇದನ್ನ ಕೇಳತಾರ. ಪ್ರತಿಫಲ ಅಂದ್ರ, ಕರಾರಿನ್ಯಾಗ ಇಬ್ಬರೂ ಏನಾರ ಕೊಡಬೇಕು. ಈಗ ನಿಮ್ಮವ್ವ ದೇವಕ್ಕ ನಿನ್ನ ಕಟಕೋಳದಿಂದ ಬಿ.ಕಾಂ. ಓದಾಕ ಅಂತ ಬೈಲಹೊಂಗಲಕ್ಕ, ಅಣ್ಣನ ಮನಿಗೆ ಕಳಿಸ್ಯಾಳ. ನಾ ಪುಕ್ಕಟ ಕಲಿಸಾಕತ್ತೇನಿ. ಪ್ರತಿಫಲ ಇಲ್ಲ, ಹಂಗಾಗಿ ಇದು ಕರಾರಲ್ಲ. ಸೋದರಮಾವನ ಹಣೇಬರಾ.

ಏನ್ ನಗತೀಯ? ಇಪ್ಪತ್ತು ವರ್ಷ ಕಾಲೇಜಿನ್ಯಾಗ ಇದನ್ನ ಒದರೇನಿ. ಹಿಂದಿನ ಬೆಂಚಿನವರಿಗೆ ನಿದ್ದಿ ಬರಸೂದ್ರಾಗ ಈ ಮಡಿವಾಳೆಪ್ಪ ಸರ್‌ನ ಮೀರಿಸಿದವರಿಲ್ಲ. ನೋಟ್ಸ್ ಹಳದಿ ಆಗ್ಯಾವ, ತಲಿ ಬೋಳ ಆಗೇತಿ, ಕಾಯ್ದೆ ಅಷ್ಟ ಹೆಂಗಿತ್ತೋ ಹಂಗ ಐತಿ. ಪುಸ್ತಕದಾಗ 'ಎ' ಅನ್ನಾಂವ 'ಬಿ'ಗೆ ಕುದರಿ ಮಾರತಾನ. ನಮ್ಮ ಹುಡುಗರಿಗೆ ಎಲ್ಲಿ ಕುದರಿ? ಅದಕ್ಕ ನಮ್ಮ ಕಡೀ ಉದಾಹರಣಿ ಕೊಡತೇನಿ. ಅವರು ಕಾಯ್ದೆ ಮರತು ಉದಾಹರಣಿ ಅಷ್ಟ ಬರದು ಬರತಾರ... ನಗು, ನಗು.

ಬರಕೋ. ಮುಕ್ತ ಸಮ್ಮತಿ. ಬೆದರಿಸಿ ಸಹಿ ತಗೋಬಾರದು, ಮೋಸದಿಂದ ತಗೋಬಾರದು. ಮೋಸ ಅಂದ್ರ... ಒಬ್ಬ ಅಣ್ಣ ಅದಾನ ಅಂತ ತಿಳಿ. ಅಪ್ಪ ತೀರಿಕೊಂಡಾನ. ಪಂಚಮಿಗೆ ತಂಗಿನ್ನ ತವರಿಗೆ ಕರಕೊಂಡು ಬಂದ. ಆಕಿ ಶೇಂಗಾ ಉಂಡಿ ಕಟ್ಟಾಕತ್ತಾಳ. ಇಂವ ಕಾಗದ ಹಿಡಕೊಂಡು ಹೋಗಿ, ಸಕ್ಕರಿ ಫ್ಯಾಕ್ಟರಿ ಶೇರಿನ ಕಾಗದ ಐತೆವ್ವಾ, ಇಲ್ಲೊಂದು ಸಹಿ ಮಾಡು ಅಂದ. ಅದು ಹೊಲದಾಗಿನ ಹಕ್ಕ ಬಿಟ್ಟ ಕಾಗದ. ಆಕಿ ಓದಲಿಲ್ಲ. ಅಣ್ಣ ತಂದದ್ದನ್ನ ಓದತಾರೇನು? ಕೈಯಾಗಿನ ಬೆಲ್ಲ ಸೆರಗಿಗೆ ಒರಸಿಕೊಂಡು ಸಹಿ ಮಾಡಿದಳು. ಆದ್ರೂ ಕಾಗದದ ಮ್ಯಾಲೆ ಬೆಲ್ಲದ ಬಟ್ಟಿನ ಗುರುತ ಮೂಡಿತು. ಇವತ್ತಿಗೂ ಟ್ರಂಕ್ ತಗದಾಗೊಮ್ಮೆ ಇರಿವಿ ಝಾಡಸಬೇಕು ನಾ...

ಯಾಕ, ಬರಿಯೂದು ನಿಲ್ಲಿಸಿದಿ? ಈ ಉದಾಹರಣಿಗೆ ಹುಡುಗರು ಭಾಳ ನಗತಾರ. ಹನ್ನೆರಡು ವರ್ಷ ಆತು ಇದನ್ನ ಹೇಳಾಕ ಹತ್ತಿ... ಇಲ್ಲ, ಪುಸ್ತಕದಾಗ ಹುಡುಕಬ್ಯಾಡ. ಅದರಾಗ ಉಂಡಿ ಇಲ್ಲ. ಟ್ರಂಕೂ ಇಲ್ಲ.

ಹಂಗ ನೋಡಬ್ಯಾಡವ್ವಾ. ನೀ ಆವಾಗ ಏಳು ವರ್ಷದಾಕಿ. ಜೋಕಾಲಿ ಬಿಟ್ಟು ಬಂದು ಅಡಗಿಮನಿ ಬಾಗಲದಾಗ ನಿಂತಿದ್ದಿ, ಕೈಯಾಗ ಅರ್ಧ ಉಂಡಿ ಇತ್ತು. ಮರತಿರ್ತಿ ಅಂದಕೊಂಡಿದ್ದೆ.

ಬರಕೋ ಮುಂದ... ಆತು, ಬರಕೋಬ್ಯಾಡ, ಕೇಳು. ಇಂಥಾ ಕರಾರು ಮೋಸ ಹೋದಾಕಿ ರದ್ದ ಮಾಡಸಬಹುದು. ಕೋರ್ಟಿಗೆ ಹೋಗಾಕ ಮುದ್ದತ್ ಮೂರು ವರ್ಷ. ಸಹಿ ಮಾಡಿದ ದಿನದಿಂದ ಅಲ್ಲ, ಮೋಸ ಆಕಿಗೆ ತಿಳದ ದಿನದಿಂದ. ಈ ಮಾತೊಂದನ್ನ ನಾ ಕ್ಲಾಸಿನ್ಯಾಗ ಯಾರಿಗೂ ಹೇಳಿಲ್ಲ. ಸಿಲಬಸ್‌ನ್ಯಾಗ ಇಲ್ಲ ಅಂತ ಬಿಟ್ಟಿದ್ದೆ. ದೊಡ್ಡ ಮಾಸ್ತರ ನಾ, ಕಾಯ್ದೆ ಎಲ್ಲಾ ಬಾಯಿಪಾಠ.

ಚೀಲದಾಗ ಅರಿವಿ ಯಾಕ ತುಂಬಾಕತ್ತಿ? ಕಟಕೋಳದ ಬಸ್ ಐದಕ್ಕೈತಿ, ಖರೆ. ತಡಿಯೂದಿಲ್ಲ ನಿನ್ನ. ನಾಳೆ ಪೇಪರ್ ಬರದು ಹೋಗು, ಅಷ್ಟ ಕೇಳತೇನಿ. ಮೋಸದ ಪ್ರಶ್ನೆ ಬಂದ್ರ ಇದ ಉದಾಹರಣಿ ಬರಿ. ಎ, ಬಿ ಅಂತ ಬ್ಯಾಡ.

ಹೆಸರ ಹಾಕಿ ಬರಿ.