ಕಟ್ಟು ಬಿಚ್ಚದೆ ಎತ್ತಿದ ಕೈ

ಒಂದೂರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಶ್ರೀಮಂತ; ಆದರೆ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆಯಲ್ಲಿ ಶ್ರೀಮಂತ ಬಂದ ಕೂಡಲೇ ಅವನೇ ಬೇರೆ, ನಾವೇ ಬೇರೆ ಎಂದು ನಾವು ನೆಮ್ಮದಿಯಾಗಿ ಕುಳಿತುಬಿಡುತ್ತೇವೆ. ಬೇಸಿಗೆಯಲ್ಲಿ ಅಂಗಡಿಯ ಮುಂದೆ ನೀರಿನ ಮಡಕೆ ಇಡಿಸುತ್ತಿದ್ದವನು ಅವನು. ಕೆಲಸದವರಿಗೆ ಗದರಿದವನಲ್ಲ.

ಇಂಥವನನ್ನು ಸರ್ಕಾರ ವಿಶ್ವವಿದ್ಯಾಲಯದ ಸಿಂಡಿಕೇಟಿಗೆ, ಎಂದರೆ ಆಡಳಿತ ನಡೆಸುವ ಸಭೆಗೆ, ಸಾರ್ವಜನಿಕರ ಪರವಾಗಿ ನೇಮಿಸಿತು. ಸಂಬಳವಿಲ್ಲದ ಸೇವೆ. ಮೇಷ್ಟರುಗಳ ನಡುವೆ ಊರಿನ ಕಣ್ಣೂ ಒಂದಿರಲಿ ಎಂದು. ಅವನಿಗೆ ಸಂತೋಷವಾಯಿತು. ಯಾರಿಗೆ ಆಗುವುದಿಲ್ಲ ಹೇಳಿ?

ಸಭೆಗೆ ಒಂದು ವಾರ ಮೊದಲು ಕಾರ್ಯಸೂಚಿಯ ಕಾಗದಗಳು ಬರುತ್ತಿದ್ದವು. ಕೆಂಪು ದಾರದಲ್ಲಿ ಕಟ್ಟಿದ, ಇಟ್ಟಿಗೆಯಷ್ಟು ದಪ್ಪದ ಕಟ್ಟು. ಅದನ್ನು ಭಕ್ತಿಯಿಂದ ದೇವರ ಗೂಡಿನ ಪಕ್ಕ ಇಡುತ್ತಿದ್ದ. ಇಡುತ್ತಿದ್ದ, ಅಷ್ಟೇ. ಸಭೆಯಲ್ಲಿ ಕುಲಪತಿಗಳು ನಗುತ್ತ, ಎಲ್ಲರೂ ಓದಿದ್ದೀರಿ ಎಂದು ಭಾವಿಸೋಣವೇ ಎಂದು ಕೇಳುವರು. ಎಲ್ಲರೂ ಭಾವಿಸುವರು. ಕೈಗಳು ಏಳುತ್ತಿದ್ದವು. ಇವನ ಕೈಯೂ ಏಳುತ್ತಿತ್ತು. ನೋಡಿ, ಎಷ್ಟು ಸುಲಭ.

ಅವನ ಅಂಗಡಿಯ ಸೀರೆಗಳಿಗೆ ಕುಚ್ಚು ಕಟ್ಟುವ ಹೆಂಗಸೊಬ್ಬಳಿದ್ದಳು. ವ್ಯಾಪಾರಿಗೆ ಹೆಸರಿಡದೆ ಬಿಟ್ಟೆ. ಅವಳಿಗೆ ಮಾತ್ರ ಹೆಸರಿರಲಿ. ಚೆನ್ನಾಜಮ್ಮ. ಎಂಥ ಮದುವೆ ಸೀರೆಯ ಅವಸರವಿದ್ದರೂ ಐದು ಗಂಟೆಗೆ ಸೂಜಿ ಕೆಳಗಿಟ್ಟು ಹೊರಟುಬಿಡುವಳು. ಒಂದು ದಿನ ಅವಳೇ ಬಂದು, ಇನ್ನು ಸಂಜೆಯೂ ಇರುತ್ತೇನೆ, ಎರಡು ಸೀರೆ ಹೆಚ್ಚಿಗೆ ಕೊಡಿ ಎಂದಳು. ಏಕೆ ಎಂದು ಕೇಳಿದ. ಸಂಜೆಗಳಲ್ಲಿ ಅಂಚೆ ಶಿಕ್ಷಣದ ಬಿ.ಎ.ಗೆ ಓದುತ್ತಿದ್ದಳಂತೆ. ಗಂಡನ ಕಾಯಿಲೆ, ಮಗಳ ಬಾಣಂತನ ಎಂದು ನಿಂತು ನಿಂತು ಒಂಬತ್ತು ವರ್ಷವಾಗಿತ್ತು. ಇಂಗ್ಲಿಷ್ ಪತ್ರಿಕೆ ಒಂದೇ ಬಾಕಿ. ಈಗ, ಎಂಟು ವರ್ಷ ದಾಟಿದವರ ಹೆಸರನ್ನೆಲ್ಲ ತೆಗೆದುಹಾಕಲಾಗಿದೆ ಎಂದು ವಿಶ್ವವಿದ್ಯಾಲಯದಿಂದ ಕಾಗದ ಬಂದಿತ್ತು.

ಅವನ ಮುಖ ಕಂಡು ಅವಳೇ ಸಮಾಧಾನ ಹೇಳಿದಳು. "ನೀವ್ಯಾಕೆ ಬೇಜಾರು ಮಾಡ್ಕೋತೀರಿ ಸಾಹುಕಾರ್ರೇ? ಆ ಸಭೇಲಿ ನೀವೂ ಇರ್ತೀರಂತಲ್ಲ. ಅಷ್ಟು ಜನ ದೊಡ್ಡೋರು ಓದಿ ನೋಡೇ ಮಾಡಿರ್ತೀರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮನೆಗೆ ಹೋಗಿ ಹಿಂದಿನ ಸಭೆಯ ಕಟ್ಟನ್ನು ಕೈಗೆತ್ತಿಕೊಂಡ. ಗಂಟು ಹಾಕಿದ ಹಾಗೆಯೇ ಇತ್ತು. ಬಿಚ್ಚಿ ಹುಡುಕಿದ. ಮೂವತ್ತೊಂದನೆಯ ವಿಷಯ. ನಾಲ್ಕೇ ನಾಲ್ಕು ಸಾಲು.

ಮುಂದಿನ ಸಭೆಯಲ್ಲಿ ಕುಲಪತಿಗಳು ಎಂದಿನಂತೆ ಭಾವಿಸಹೊರಟಾಗ ಅವನು ಎದ್ದು ನಿಂತ. ಕಳೆದ ಸಲ ಓದದೆ ಕೈ ಎತ್ತಿದೆ, ಆ ವಿಷಯವನ್ನು ಮತ್ತೆ ತೆಗೆಯಬೇಕು ಎಂದ. ಒಬ್ಬ ಪ್ರೊಫೆಸರು ನಕ್ಕು, ಇದು ಸೀರೆ ಅಂಗಡಿಯಲ್ಲ ಸ್ವಾಮಿ, ಮಾರಿದ ಮೇಲೆ ವಾಪಸು ತೆಗೆದುಕೊಳ್ಳುವುದಕ್ಕೆ ಎಂದರು.

"ಹೌದು ಸರ್. ನಮ್ಮ ಅಂಗಡೀಲಿ ಮಡಿಕೆ ಬಿಚ್ಚಿ ತೋರಿಸ್ದೆ ಒಂದು ಸೀರೇನೂ ಹೊರಗೆ ಹೋಗೋದಿಲ್ಲ. ಇಲ್ಲಿ ನಾನು ಬಿಚ್ಚದೇನೇ ಕಳಿಸಿಬಿಟ್ಟೆ."

ಮೂಲೆಯಿಂದ ಹಿರಿಯರೊಬ್ಬರು ಮೆಲ್ಲಗೆ, "ನಾನೂ ಓದಿರ್ಲಿಲ್ಲ" ಎಂದರು.

ಒಂದೆರಡು ಪತ್ರಿಕೆ ಉಳಿದವರಿಗೆ ಇನ್ನೊಂದು ಅವಕಾಶ ಕೊಡುವುದೆಂದು ಆಯಿತು. ಆ ವರ್ಷದ ಪರೀಕ್ಷೆಯೇನೋ ಮುಗಿದೇಹೋಗಿತ್ತು; ಓದದೆ ಎತ್ತಿದ ಒಂದು ಕೈಗೆ ಅವಳ ಒಂದು ವರ್ಷ ಹೋಯಿತು. ಸುದ್ದಿ ಕೇಳಿದ ಚೆನ್ನಾಜಮ್ಮ ಹೆಚ್ಚಿಗೆ ಪಡೆದಿದ್ದ ಎರಡು ಸೀರೆಗಳನ್ನು ಮಡಿಸಿ ಮುಂದಿಟ್ಟಳು. "ಇವನ್ನ ಬೇರೆಯವರಿಗೆ ಕೊಡಿ. ಸಂಜೆ ನಂಗೆ ಕೆಲಸ ಐತೆ."

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮನ್ನು ಯಾರೂ ಸಿಂಡಿಕೇಟಿಗೆ ಕರೆದಿಲ್ಲ. ಆದರೆ ಶಾಲೆಯ ಸಮಿತಿಯಲ್ಲಿ, ಮಹಿಳಾ ಸಂಘದಲ್ಲಿ, ಬೀದಿಯ ನೀರಿನ ವಿಚಾರದಲ್ಲಿ ನಾವೂ ಕೈ ಎತ್ತುವವರೇ ಅಲ್ಲವೇ? ಮನೆಯಾದರೂ ಮತ್ತೇನು? ಸೊಸೆ ಒಪ್ಪಿದ್ದಾಳೆ ಎಂದು ಭಾವಿಸುತ್ತೇವೆ. ಅಮ್ಮನಿಗೆ ಬೇಡವಂತೆ ಎಂದು ಭಾವಿಸುತ್ತೇವೆ. ಕೇಳಿದ್ದೇವೆಯೇ?

ನಾಳೆಯಿಂದ ಇಷ್ಟು ಮಾಡಿ. ಆಯಿತು ಎನ್ನುವ ಮೊದಲು, ಇದು ಯಾರ ಮನೆಯ ಬಾಗಿಲಿಗೆ ಹೋಗಿ ಮುಟ್ಟುತ್ತದೆ ಎಂದು ಒಮ್ಮೆ ಕೇಳಿ. ಓದಿಲ್ಲವಾದರೆ ಓದಿಲ್ಲ ಎನ್ನಿ, ಅದರಲ್ಲಿ ನಾಚಿಕೆಯಿಲ್ಲ. ನಮ್ಮ ಮೇಲೆ ನಂಬಿಕೆಯಿಟ್ಟು ಯಾರೋ ಒಬ್ಬರು, ಅವರು ನೋಡಿಯೇ ಮಾಡಿರುತ್ತಾರೆ ಎನ್ನುತ್ತಿರುತ್ತಾರೆ. ಆ ಮಾತು ಸುಳ್ಳಾಗದಂತೆ ಬದುಕಿದರೆ ಸಾಕು.